ಗುರುಗಳು ಕಟ್ಟಿದ ಏರಿ

ರೆಡ್‌ವುಡ್ ಸಿಟಿಯಿಂದ ದಕ್ಷಿಣಕ್ಕೆ ಹೊರಟ ಕ್ಯಾಲ್‌ಟ್ರೇನ್ ಗಾಡಿ ಒಂಬತ್ತು ಕಿಲೋಮೀಟರು ಸಾಗುವಷ್ಟರಲ್ಲಿ, ಪಾಲೊ ಆಲ್ಟೊ ದಾಟಿದ ಕೂಡಲೇ, ಒಂದು ಪುಟ್ಟ ನಿಲುಗಡೆ ಸಿಗುತ್ತದೆ. ಮಿಕ್ಕ ದಿನಗಳಲ್ಲಿ ಗಾಡಿ ಅದನ್ನು ಲಕ್ಷಿಸದೆ ಮುಂದೆ ಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಪಂದ್ಯವಿದ್ದ ದಿನ ಮಾತ್ರ ನಿಂತು ಸಾವಿರಾರು ಜನರನ್ನು ಇಳಿಸುತ್ತದೆ. ಇಳಿದವರು ಎಲ್ ಕಮಿನೊ ರಿಯಲ್ ಹೆದ್ದಾರಿ ದಾಟಿ, ನೀಲಗಿರಿ ಮತ್ತು ಓಕ್ ಮರಗಳ ತೋಪಿನ ನಡುವೆ ನಡೆಯುತ್ತಾರೆ. ಇಂಥ ಮರಗಳ ಮರೆಯಲ್ಲಿ ಒಂದು ಕಾಲಕ್ಕೆ ಎಂಬತ್ತೈದು ಸಾವಿರ ಮಂದಿಗೆ ಆಸನವಿದ್ದ ಕ್ರೀಡಾಂಗಣವೊಂದಿತ್ತು ಎಂದರೆ ಹೊಸಬರು ಬೇಗ ನಂಬುವುದಿಲ್ಲ. ಅದು ಆಕಾಶಕ್ಕೆ ಎದ್ದು ನಿಂತ ಕಟ್ಟಡವಾಗಿರಲಿಲ್ಲ. ಅರ್ಧ ನೆಲದೊಳಗೆ ಇಳಿದು, ಅರ್ಧ ಮಣ್ಣಿನ ದಿಬ್ಬವಾಗಿ ಎದ್ದು ಕುಳಿತಿತ್ತು. 1921ರಲ್ಲಿ ಅದನ್ನು ಕಟ್ಟಿದವರ ಹೆಸರುಗಳನ್ನು ನೆನೆಯುವುದು, ಅವರ ಕೈಯಿಂದ ಅದು ಯಾರ ಯಾರ ಕೈಗೆ ದಾಟಿತೆಂದು ಹೇಳುವುದು ಈ ಕಥನದ ಉದ್ದೇಶ.

ಈ ನೆಲದ ಮೊದಲ ಒಡೆಯರು ಒಲೋನಿ ಜನರು. ಅವರ ಮೇಲೆ ಸ್ಪೇನಿನ ಪಾದ್ರಿಗಳೂ ಸೈನಿಕರೂ ಬಂದು, ಮಿಷನ್‌ನಿಂದ ಮಿಷನ್‌ಗೆ ಹಾದಿ ಹಾಕಿಕೊಂಡರು. ಇಂದಿನ ಎಲ್ ಕಮಿನೊ ರಿಯಲ್ ಹೆದ್ದಾರಿಗೆ ಹೆಸರು ಬಂದದ್ದು ಆ ಹಾದಿಯಿಂದ. ಚಿನ್ನದ ಆಸೆಗೆ ಜನ ಮುಗಿಬಿದ್ದ ಮೇಲೆ ಪಶ್ಚಿಮದ ಬೆಟ್ಟಗಳಲ್ಲಿ ಶತಮಾನಗಳಿಂದ ನಿಂತಿದ್ದ ರೆಡ್‌ವುಡ್ ಮರಗಳಿಗೆ ಕೊಡಲಿ ಬಿತ್ತು. ಕಡಿದ ಮರ ಬಂಡಿಗಳಲ್ಲಿ ಇಳಿದು, ಕೊಲ್ಲಿಯ ಹಿನ್ನೀರು ಒಳನುಗ್ಗುವ ತೊರೆಯ ದಡ ಸೇರಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಸಾಗಿತು. ಆ ದಡದಲ್ಲಿ ಬೆಳೆದ ಊರು ರೆಡ್‌ವುಡ್ ಸಿಟಿ. 1864ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾನ್ ಹೊಸೆವರೆಗಿನ ರೈಲುದಾರಿ ಪೂರ್ತಿಯಾಯಿತು. 1867ರಲ್ಲಿ ರೆಡ್‌ವುಡ್ ಸಿಟಿ ಪುರಸಭೆಯ ಊರಾಯಿತು.

ರೈಲಿನಿಂದಲೇ ಅಪಾರ ಹಣ ಮಾಡಿದ ಲೇಲಂಡ್ ಸ್ಟ್ಯಾನ್‌ಫರ್ಡ್ 1876ರಿಂದ ಪಾಲೊ ಆಲ್ಟೊ ಬಳಿ ಭೂಮಿ ಕೊಳ್ಳುತ್ತ ಹೋದರು. ಅಲ್ಲಿ ಅವರದು ಕುದುರೆ ಸಾಕುವ ದೊಡ್ಡ ಫಾರಂ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನು ಜೋಡಿಸಿ ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆಂದು ತೋರಿಸಿದ್ದು ಈ ಫಾರಂನ ಓಟದ ಹಾದಿಯಲ್ಲೇ. 1884ರಲ್ಲಿ ಸ್ಟ್ಯಾನ್‌ಫರ್ಡ್ ದಂಪತಿಯ ಒಬ್ಬನೇ ಮಗ ಇಟಲಿಯ ಫ್ಲಾರೆನ್ಸಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡ. ಹದಿನಾರು ತುಂಬದ ಆ ಹುಡುಗನ ನೆನಪಿಗೆ ಅವರು ತಮ್ಮ ಆಸ್ತಿಯನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. 1891ರ ಅಕ್ಟೋಬರ್ 1ರಂದು ಮರಳುಗಲ್ಲಿನ ಕಮಾನು ಮೊಗಸಾಲೆಗಳ, ಕೆಂಪು ಹೆಂಚಿನ ಆ ವಿದ್ಯಾಲಯ ಬಾಗಿಲು ತೆರೆಯಿತು. ನಾಲ್ಕು ವರ್ಷಗಳ ತರುವಾಯ, 1895ರಲ್ಲಿ, ಅಲ್ಲಿಗೆ ಮಕ್ಕಳನ್ನು ಸಿದ್ಧಪಡಿಸುವುದಕ್ಕಾಗಿ ರೆಡ್‌ವುಡ್ ಸಿಟಿಯಲ್ಲಿ ಸಿಕೋಯಾ ಹೈಸ್ಕೂಲು ಆರಂಭವಾಯಿತು. ಮರ ಸಾಗಿಸುತ್ತಿದ್ದ ಊರಿಗೂ ಕುದುರೆ ಫಾರಂನಲ್ಲಿ ಎದ್ದ ವಿದ್ಯಾಲಯಕ್ಕೂ ನಂಟು ಬೆಳೆದದ್ದು ಹೀಗೆ.

ಮೊದಲ ವರ್ಷದ ವಿದ್ಯಾರ್ಥಿಗಳ ನಡುವೆ ಅಯೋವಾದಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು, ಬಂಧುಗಳ ಮನೆಯಲ್ಲಿ ಬೆಳೆದ ಹುಡುಗನೊಬ್ಬನಿದ್ದ. ಹೆಸರು ಹರ್ಬರ್ಟ್ ಹೂವರ್. ಭೂವಿಜ್ಞಾನ ಓದುತ್ತ, ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡುತ್ತ, ವಿದ್ಯಾರ್ಥಿ ಸಂಘದ ಖಜಾಂಚಿಯಾಗಿ ಪಂದ್ಯಗಳ ಜಮಾಖರ್ಚು ನೋಡಿಕೊಂಡ. ಕೊಲ್ಲಿಯ ಆಚೆ ದಡದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿರುದ್ಧ ಸ್ಟ್ಯಾನ್‌ಫರ್ಡಿನ ಮೊದಲ ಫುಟ್‌ಬಾಲ್ ಪಂದ್ಯ ನಡೆದದ್ದು 1892ರ ಮಾರ್ಚ್ 19ರಂದು, ಸ್ಯಾನ್ ಫ್ರಾನ್ಸಿಸ್ಕೊದ ಬಾಡಿಗೆ ಮೈದಾನದಲ್ಲಿ. ಚೆಂಡು ತರುವುದನ್ನೇ ಎರಡೂ ಕಡೆಯವರು ಮರೆತಿದ್ದರಿಂದ ಆಟ ತಡವಾಯಿತೆಂದು ಆ ದಿನದ ಕಥೆ ಹೇಳುತ್ತದೆ. ಹೊಸ ವಿದ್ಯಾಲಯವೇ 14–10ರಿಂದ ಗೆದ್ದಿತು. ಅಂದಿನಿಂದ ಈ ಎರಡು ವಿಶ್ವವಿದ್ಯಾಲಯಗಳ ನಡುವಣ ವಾರ್ಷಿಕ ಹಣಾಹಣಿ ಬಿಗ್ ಗೇಮ್ ಎಂದೇ ಹೆಸರಾಯಿತು. ಆ ಕಾಲದ ಕೊಲ್ಲಿ ಪ್ರದೇಶದ ಜನರಿಗೆ ಅದು ವರ್ಷದ ಜಾತ್ರೆ.

1906ರಲ್ಲಿ ಎರಡೂ ಕಡೆಯವರು ಒರಟಾಟವೆಂದು ಅಮೆರಿಕನ್ ಫುಟ್‌ಬಾಲನ್ನು ಬಿಟ್ಟು ರಗ್ಬಿ ಹಿಡಿದರು. ಮೊದಲ ಮಹಾಯುದ್ಧ ಮುಗಿದು ಹುಡುಗರು ಊರಿಗೆ ಮರಳಿದ ಮೇಲೆ ಇಬ್ಬರ ನಡುವೆ ಹಳೆಯ ಆಟವೂ ಮರಳಿತು, ಅದರ ಬೆನ್ನಿಗೇ ಹಿಂದೆಂದೂ ಕಾಣದಷ್ಟು ಜನ ಬಂದರು. ಮರದ ಹಳೆಯ ಅಟ್ಟಣೆಗಳು ಯಾವ ಮೂಲೆಗೂ ಸಾಲದಾದವು. ಬರ್ಕ್ಲಿಯವರು ಯುದ್ಧದಲ್ಲಿ ಮಡಿದವರ ಸ್ಮಾರಕವಾಗಿ ಬೆಟ್ಟದ ಕಣಿವೆಯಲ್ಲಿ ಭಾರಿ ಕ್ರೀಡಾಂಗಣ ಕಟ್ಟುವ ಯೋಚನೆಯಲ್ಲಿದ್ದರು. ಅವರಿಗಿಂತ ಮೊದಲೇ ಕಟ್ಟಿ ಮುಗಿಸಬೇಕೆಂಬ ಹಟ ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿತು. ವಿಶ್ವವಿದ್ಯಾಲಯದ ಅಧ್ಯಕ್ಷ ಪೀಠದಲ್ಲಿದ್ದವರು ವೈದ್ಯರಾದ ರೇ ಲೈಮನ್ ವಿಲ್ಬರ್, ಹೂವರ್ ಅವರ ಓದಿನ ಕಾಲದ ಗೆಳೆಯ.

ಇಲ್ಲಿ ವಿಶ್ವವಿದ್ಯಾಲಯ ತೆಗೆದುಕೊಂಡ ತೀರ್ಮಾನ ಗಮನಾರ್ಹ. ನಕ್ಷೆಗಾಗಿ ಅದು ಹೊರಗಿನ ಪ್ರಸಿದ್ಧ ವಾಸ್ತುಶಿಲ್ಪಿಯ ಬಾಗಿಲು ತಟ್ಟಲಿಲ್ಲ. ತನ್ನದೇ ಎಂಜಿನಿಯರಿಂಗ್ ವಿಭಾಗಗಳಲ್ಲಿ ಪಾಠ ಹೇಳುತ್ತಿದ್ದ ಮೂವರು ಪ್ರಾಧ್ಯಾಪಕರನ್ನು ಕರೆದು ಕೆಲಸ ವಹಿಸಿತು. ಮೊದಲನೆಯವರು ಚಾರ್ಲ್ಸ್ ಡೇವಿಡ್ ಮಾರ್ಕ್ಸ್. 1891ರ ಮೊದಲ ಅಧ್ಯಾಪಕ ವೃಂದಕ್ಕೆ ಸೇರಿದವರು, 1915ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಅಧ್ಯಕ್ಷರಾಗಿದ್ದವರು. ಎರಡನೆಯವರು ಚಾರ್ಲ್ಸ್ ಬೆಂಜಮಿನ್ ವಿಂಗ್, ಕಟ್ಟಡಗಳ ಬಲಾಬಲ ಬಲ್ಲ ಮೇಷ್ಟ್ರು. ಪಾಲೊ ಆಲ್ಟೊ ಊರಿಗೆ ನೀರು, ವಿದ್ಯುತ್ತು ಖಾಸಗಿ ಕಂಪನಿಯಿಂದ ಬರುವ ಬದಲು ಊರಿನ ಸ್ವಂತ ಆಸ್ತಿಯಾಗಲೆಂದು ದುಡಿದವರು ಇವರಿಬ್ಬರೇ. ಮೂರನೆಯವರು ವಿಲಿಯಂ ಫ್ರೆಡರಿಕ್ ಡ್ಯುರಾಂಡ್, ಹಡಗಿನ ಮತ್ತು ವಿಮಾನದ ಪ್ರೊಪೆಲ್ಲರುಗಳ ಗತಿಶಾಸ್ತ್ರದಲ್ಲಿ ದೇಶಕ್ಕೇ ಗುರುವಾಗಿದ್ದವರು. ಎಂಬತ್ತು ದಾಟಿದ ಮೇಲೂ, 1941ರಲ್ಲಿ, ಜೆಟ್ ಎಂಜಿನ್ ಕುರಿತ ಸರ್ಕಾರಿ ಸಮಿತಿಯ ಮುಖ್ಯಸ್ಥರಾದವರು. ತರಗತಿಯಲ್ಲಿ ಬರೆದ ಲೆಕ್ಕವನ್ನು ನೆಲದ ಮೇಲೆ ಮಾಡಿ ತೋರಿಸುವ ಅವಕಾಶ ಈ ಮೂವರಿಗೆ ಒದಗಿತು.

ಅವರು ಆರಿಸಿಕೊಂಡ ಕ್ರಮ ಬಹಳ ಹಳೆಯದು. ಕ್ರಿಸ್ತಪೂರ್ವ 70ರ ಸುಮಾರಿಗೆ ಪಾಂಪೆಯಲ್ಲಿ ರೋಮನರು ಕಟ್ಟಿದ ವರ್ತುಲ ರಂಗವೂ ನೆಲ ತೋಡಿ, ತೋಡಿದ ಮಣ್ಣನ್ನು ಸುತ್ತ ಒಟ್ಟಿ ಮಾಡಿದ್ದೇ. ಅದೇ ರೀತಿಯಲ್ಲಿ 1914ರಲ್ಲಿ ಯೇಲ್ ವಿಶ್ವವಿದ್ಯಾಲಯ ತನ್ನ ಯೇಲ್ ಬೌಲ್ ಕಟ್ಟಿತ್ತು. ಕನ್ನಡನಾಡಿನ ಓದುಗರಿಗೆ ಈ ರಚನೆ ಅರ್ಥವಾಗಲು ರೋಮಿನವರೆಗೆ ಹೋಗಬೇಕಾಗಿಲ್ಲ. ಅದು ಕೆರೆ ಕಟ್ಟುವ ಕೆಲಸ. ಅಂಗಳದಲ್ಲಿ ಅಗೆದ ಮಣ್ಣೇ ಏರಿಯಾಗುತ್ತದೆ. ಏರಿಯ ಒಳಮೈ ಎಷ್ಟು ಇಳಿಜಾರಿರಬೇಕು, ಹೊರಮೈ ಎಷ್ಟು ಚಾಚಬೇಕು, ಎಷ್ಟು ದಿಮ್ಮಸು ಹಾಕಿದರೆ ಮಣ್ಣು ಕುಸಿಯದು ಎಂಬುದೇ ಇಡೀ ವಿದ್ಯೆ. ನೀರಿಗೆ ತೂಬು ಬಿಡುವ ಕಡೆ ಇಲ್ಲಿ ಜನಕ್ಕೆ ಸುರಂಗದಾರಿ ಬಿಟ್ಟರು. ಹೊರಗಿನ ನೆಲದ ಮಟ್ಟದಲ್ಲೇ ಏರಿಯನ್ನು ಹೊಕ್ಕವರು ಒಳಗೆ ಆಸನಗಳ ನಡುಸಾಲಿಗೆ ಬಂದು ನಿಲ್ಲುತ್ತಿದ್ದರು. ಅರ್ಧ ಜನ ಅಲ್ಲಿಂದ ಮೇಲೆ ಹತ್ತಿದರೆ ಅರ್ಧ ಜನ ಕೆಳಗೆ ಇಳಿಯುತ್ತಿದ್ದರು. ಉಕ್ಕು ಬೇಡ, ಎತ್ತರದ ಕಂಬಗಳು ಬೇಡ, ಉದ್ದದ ಮೆಟ್ಟಿಲುಗಳೂ ಬೇಡ. ಭೂಮಿಯೇ ಭಾರ ಹೊರುತ್ತಿತ್ತು.

1921ರ ಜೂನ್ 1ರಂದು ಅಗೆತ ಶುರುವಾಯಿತು. ನವೆಂಬರಿನ ಬಿಗ್ ಗೇಮ್‌ಗೆ ಆರು ತಿಂಗಳೂ ಇರಲಿಲ್ಲ. ಹಬೆಯಂತ್ರದ ಸಲಿಕೆಗಳು ಒಂದು ಕಡೆ ದುಡಿದರೆ, ಬಹುಪಾಲು ಮಣ್ಣನ್ನು ಸಾಗಿಸಿದ್ದು ಕುದುರೆಗಳು, ಹೇಸರಗತ್ತೆಗಳು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಆಗ ಬಳಕೆಯಲ್ಲಿದ್ದ ಮಣ್ಣು ಬಾಚುವ ಸಾಧನವೊಂದಿತ್ತು. ಫ್ರೆಸ್ನೊ ಊರಿನ ಕಮ್ಮಾರನೊಬ್ಬ 1883ರಲ್ಲಿ ರೂಪಿಸಿದ್ದರಿಂದ ಅದಕ್ಕೆ ಫ್ರೆಸ್ನೊ ಎಂದೇ ಹೆಸರು. ಅರ್ಧ ಉರುಳೆಯಾಕಾರದ ಕಬ್ಬಿಣದ ಬಾನಿ, ಮುಂಭಾಗಕ್ಕೆ ಹರಿತವಾದ ಅಲಗು, ಹಿಂದೆ ಉದ್ದನೆಯ ಹಿಡಿ. ಆಳು ಹಿಡಿಯನ್ನು ಮೇಲೆತ್ತಿದರೆ ಅಲಗು ನೆಲಕ್ಕೆ ಕಚ್ಚಿ ಬಾನಿ ತುಂಬುತ್ತದೆ. ಒತ್ತಿ ಹಿಡಿದರೆ ತುಂಬಿದ ಬಾನಿ ಜಾರುತ್ತ ಏರಿಯ ಮೇಲೆ ಹತ್ತುತ್ತದೆ. ಅಲ್ಲಿ ಹಿಡಿಯನ್ನು ಪೂರ್ತಿ ಎತ್ತಿ ಬಿಟ್ಟರೆ ಮಣ್ಣು ತೆಳ್ಳಗೆ ಹರಡಿಕೊಳ್ಳುತ್ತದೆ. ಹಿಡಿ ಹಿಡಿದ ಕೈಗೆ ಬಲಕ್ಕಿಂತ ಹೆಚ್ಚಾಗಿ ಹದ ಬೇಕು. ಅಲಗು ಕಲ್ಲಿಗೆ ತಗುಲಿದರೆ ಹಿಡಿ ಚಿಮ್ಮಿ ಆಳಿನ ಪಕ್ಕೆಗೆ ಹೊಡೆಯುತ್ತಿತ್ತು. ಬೇಸಗೆಯ ಧೂಳಿನಲ್ಲಿ ಈ ಜೋಡಿಗಳು ಸುತ್ತು ಹಾಕುತ್ತ ಗುಂಡಿಯನ್ನು ಆಳ ಮಾಡಿದವು, ಏರಿಯನ್ನು ಎತ್ತರ ಮಾಡಿದವು. ಒಂದು ಕಾಲಕ್ಕೆ ಕುದುರೆ ಸಾಕಿದ ನೆಲದಲ್ಲಿ ಕುದುರೆಗಳೇ ಕ್ರೀಡಾಂಗಣ ತೋಡಿದವು.

ಅದೇ ದಿನಗಳಲ್ಲಿ ನಮ್ಮ ಕಡೆ ಮೈಸೂರು ವಿಶ್ವವಿದ್ಯಾಲಯಕ್ಕೆ ಐದು ವರ್ಷ ತುಂಬುತ್ತಿತ್ತು, ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟೆ ಏಳುತ್ತಿತ್ತು. ಎಂಜಿನಿಯರನ ಮಾತನ್ನು ನಾಡು ಗೌರವದಿಂದ ಕೇಳುತ್ತಿದ್ದ ಕಾಲ ಅದು, ಅಲ್ಲಿಯೂ ಇಲ್ಲಿಯೂ.

ಸುಮಾರು 2 ಲಕ್ಷ ಡಾಲರ್ ಖರ್ಚಿನಲ್ಲಿ, ಐದು ತಿಂಗಳು ಮೀರಿದ ಕೆಲವೇ ದಿನಗಳಲ್ಲಿ, 60 ಸಾವಿರ ಜನ ಮರದ ಬೆಂಚುಗಳ ಮೇಲೆ ಕೂರಬಹುದಾದ ಕ್ರೀಡಾಂಗಣ ಸಿದ್ಧವಾಯಿತು. ಆ ಹೊತ್ತಿಗೆ ವಿಶ್ವವಿದ್ಯಾಲಯಗಳಲ್ಲಿ ಅದಕ್ಕಿಂತ ದೊಡ್ಡದು ಯೇಲ್ ಬೌಲ್ ಒಂದೇ. 1921ರ ನವೆಂಬರ್ 19ರಂದು ಮೊದಲ ಪಂದ್ಯ, ಎದುರಾಳಿ ಬರ್ಕ್ಲಿ. ಕಟ್ಟುವ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ಎರಡು ವರ್ಷ ಮುಂದಿತ್ತು. ಆಡುವ ಪಂದ್ಯದಲ್ಲಿ ಹಾಗಾಗಲಿಲ್ಲ. ತರಬೇತುದಾರ ಆಂಡಿ ಸ್ಮಿತ್ ಪಳಗಿಸಿದ ಬರ್ಕ್ಲಿಯ ತಂಡ 1920ರಿಂದ 1924ರವರೆಗೆ ಸೋಲನ್ನೇ ಕಾಣದ ತಂಡ. ಅದು ಹೊಸ ಅಂಗಳದ ಯಜಮಾನರನ್ನು 42–7ರಿಂದ ಸೋಲಿಸಿ ಹಿಂದಿರುಗಿತು. ಆದರೂ ಆ ಸಂಜೆ ಏರಿಯ ಮೇಲಿಂದ ಇಳಿದು ಮನೆಗೆ ನಡೆದವರಿಗೆ ಒಂದು ಸಂಗತಿ ಮನದಟ್ಟಾಗಿತ್ತು: ಒಂದು ಇಡೀ ಪಟ್ಟಣದಷ್ಟು ಜನ ಒಂದೇ ಕಡೆ ಕೂತು, ಒಂದೇ ಆಟವನ್ನು, ಯಾರ ತಲೆಯೂ ಯಾರಿಗೂ ಅಡ್ಡ ಬಾರದಂತೆ ನೋಡಿದ್ದರು. ಏರಿಯ ಇಳಿಜಾರನ್ನು ಲೆಕ್ಕಹಾಕಿದ ಗುರುಗಳ ವಿದ್ಯೆ ಅಲ್ಲಿ ಸಾರ್ಥಕವಾಗಿತ್ತು.

ಅದರ ನಂತರದ ವರ್ಷಗಳು ಏರುಗಾಲ. 1924ರಲ್ಲಿ ಪಾಪ್ ವಾರ್ನರ್ ತರಬೇತುದಾರರಾಗಿ ಬಂದರು. ಎರ್ನಿ ನೆವರ್ಸ್‌ನಂಥ ಆಟಗಾರರು ದೇಶಕ್ಕೆಲ್ಲ ಗೊತ್ತಾದರು. 1925ರಲ್ಲಿ ಒಮ್ಮೆ, 1927ರಲ್ಲಿ ಮತ್ತೊಮ್ಮೆ ಏರಿಯ ನೆತ್ತಿಯ ಮೇಲೆ ಸಾಲುಗಳನ್ನು ಸೇರಿಸಿ 85 ಸಾವಿರ ದಾಟಿದ ಆಸನಗಳಾದವು.

1928ರ ಆಗಸ್ಟ್ 11ರಂದು ಆ ಏರಿ ಆಟಕ್ಕಲ್ಲದೆ ಬೇರೊಂದು ಕಾರಣಕ್ಕೆ ತುಂಬಿತು. ಹಿಂದಿನ ದಿನವಷ್ಟೇ 54 ತುಂಬಿದ್ದ ಹರ್ಬರ್ಟ್ ಹೂವರ್, ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಪದವಿಯ ಉಮೇದುವಾರಿಕೆಯನ್ನು ವಿಧ್ಯುಕ್ತವಾಗಿ ಒಪ್ಪಿಕೊಳ್ಳಲು ತಾನು ಓದಿದ ವಿದ್ಯಾಲಯದ ಅಂಗಳವನ್ನು ಆರಿಸಿಕೊಂಡರು. ಎಪ್ಪತ್ತು ಸಾವಿರದ ಆಸುಪಾಸು ಜನ ಬೆಂಚುಗಳ ಮೇಲಿದ್ದರು. ರೇಡಿಯೊ ಆ ದನಿಯನ್ನು ದೇಶದ ಉದ್ದಗಲಕ್ಕೆ ಒಯ್ದಿತು. ಪಂದ್ಯಗಳ ಚಿಲ್ಲರೆ ಹಣ ಎಣಿಸಿದ್ದ ಅನಾಥ ಹುಡುಗ, ಬಡತನದ ಮೇಲಿನ ಅಂತಿಮ ವಿಜಯಕ್ಕೆ ಅಮೆರಿಕ ಹಿಂದೆಂದಿಗಿಂತ ಹತ್ತಿರವಾಗಿದೆ ಎಂದು ಅಲ್ಲಿ ನಿಂತು ಸಾರಿದ. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು, ಆ ಮಾತನ್ನು ಕೇಳಿ ಚಪ್ಪಾಳೆ ತಟ್ಟಿದ್ದ ಎಷ್ಟೋ ಮನೆಗಳಿಗೆ ದಾರಿದ್ರ್ಯ ಬಂದಿತು. ಅಧ್ಯಕ್ಷರಾಗಿದ್ದ ಹೂವರ್ 1932ರ ಚುನಾವಣೆಯಲ್ಲಿ ಸೋತು, ವಿದ್ಯಾಲಯದ ಗುಡ್ಡದ ಮೇಲಿನ ತಮ್ಮ ಮನೆಗೆ ಮರಳಿದರು. ಒಬ್ಬ ಮನುಷ್ಯನ ಉತ್ಕರ್ಷದ ದಿನವನ್ನು ಕಂಡ ಆ ಮಣ್ಣು, ದೇಶದ ಕಷ್ಟದ ದಿನಗಳಲ್ಲೂ ಬರಿದಾಗಲಿಲ್ಲ. 1935ರ ಬಿಗ್ ಗೇಮ್‌ಗೆ 94 ಸಾವಿರ ಜನ ಸೇರಿದರೆಂದು ದಾಖಲೆಯಿದೆ. ಆ ಸಂಖ್ಯೆಯನ್ನು ಆ ಅಂಗಳ ಮತ್ತೆಂದೂ ಕಾಣಲಿಲ್ಲ.

ಇದೇ ವರ್ಷಗಳಲ್ಲಿ, ಅನತಿ ದೂರದ ಪುಟ್ಟ ಒಳಾಂಗಣದಲ್ಲಿ, ಮತ್ತೊಂದು ಆಟದ ಚರಿತ್ರೆ ತಿರುಗುತ್ತಿತ್ತು. ಹ್ಯಾಂಕ್ ಲುಯಿಸೆಟ್ಟಿ ಎಂಬ ತರುಣ ಬಾಸ್ಕೆಟ್‌ಬಾಲನ್ನು ಓಡುತ್ತ ಓಡುತ್ತಲೇ ಒಂದೇ ಕೈಯಿಂದ ಬುಟ್ಟಿಗೆ ಹಾಕುತ್ತಿದ್ದ. ಎರಡೂ ಕೈಯಿಂದ, ಕಾಲೂರಿ ನಿಂತು ಹೊಡೆಯುವುದೇ ಶಾಸ್ತ್ರವಾಗಿದ್ದ ಕಾಲವದು. 1936ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನ ಆಟ ನೋಡಿದ ಪೂರ್ವ ಅಮೆರಿಕದ ಜನ ಬೆರಗಾದರು. ಇಂದು ಜಗತ್ತಿನ ಯಾವ ಬಡಾವಣೆಯ ಹುಡುಗನೂ ಹೊಡೆಯುವ ಹೊಡೆತ ಆ ಹಳೆಯ ಒಳಾಂಗಣದಲ್ಲಿ ಪಳಗಿದ್ದು. ಬಾಸ್ಕೆಟ್‌ಬಾಲಿಗೆ ಹೊಸ ಮನೆಯಾಗಿ ಮೇಪಲ್ಸ್ ಪೆವಿಲಿಯನ್ 1969ರ ಜನವರಿಯಲ್ಲಿ ತೆರೆಯಿತು. ಮರದ ವ್ಯಾಪಾರದಲ್ಲಿ ಗಳಿಸಿದ ಹಳೆಯ ವಿದ್ಯಾರ್ಥಿ ರಾಸ್ಕೊ ಮೇಪಲ್ಸ್ ಅವರ ಹೆಸರು ಅದಕ್ಕೆ. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಜಾನ್ ಕಾರ್ಲ್ ವಾರ್ನೆಕಿ. ಅಧ್ಯಕ್ಷ ಕೆನಡಿಯವರ ಸಮಾಧಿಯನ್ನು ವಿನ್ಯಾಸ ಮಾಡಿದವರು. 1940ರಲ್ಲಿ ಒಂದು ಪಂದ್ಯವನ್ನೂ ಸೋಲದ ಸ್ಟ್ಯಾನ್‌ಫರ್ಡ್ ಫುಟ್‌ಬಾಲ್ ತಂಡದಲ್ಲಿ ಆಡಿ, ಆ ಏರಿಯ ಒಳಗಿನ ಮಣ್ಣು ಮೈಗೆ ಮೆತ್ತಿಕೊಂಡವರೂ ಅವರೇ. ಮೇಪಲ್ಸ್‌ನ ಮೊದಲ ಮರದ ನೆಲ ಕಾಲಿನಡಿ ಪುಟಿಯುತ್ತಿತ್ತು. ವಿದ್ಯಾರ್ಥಿಗಳು ಒಟ್ಟಿಗೆ ಕುಪ್ಪಳಿಸಿದರೆ ಇಡೀ ಕಟ್ಟಡ ಅದುರಿದಂತಾಗುತ್ತಿತ್ತು. 2004ರ ನವೀಕರಣದಲ್ಲಿ ಆ ನೆಲ ಹೋಯಿತು.

ಮತ್ತೆ ಏರಿಗೆ ಬರೋಣ. ಯುದ್ಧದ ನಡುವೆ, 1943ರಿಂದ 1945ರವರೆಗೆ, ಸ್ಟ್ಯಾನ್‌ಫರ್ಡಿನಲ್ಲಿ ಫುಟ್‌ಬಾಲ್ ನಿಂತಿತ್ತು. ಯುದ್ಧ ಮುಗಿದು ಶೀತಲ ಸಮರ ಬಂದಾಗ ಆ ಅಂಗಳದ ಅತ್ಯಂತ ಉದಾತ್ತ ಎರಡು ದಿನಗಳು ಒದಗಿದವು. ಅಥ್ಲೆಟಿಕ್ಸ್ ತರಬೇತುದಾರ ಪೇಟನ್ ಜೋರ್ಡನ್ ಅವರ ಶ್ರಮದಿಂದ 1962ರ ಜುಲೈ 21 ಮತ್ತು 22ರಂದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಣ ಅಥ್ಲೆಟಿಕ್ಸ್ ಕೂಟ ಅಲ್ಲಿ ನಡೆಯಿತು. ಎರಡು ದಿನಗಳಲ್ಲಿ ಬಂದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಬರ್ಲಿನ್ ಗೋಡೆ ಎದ್ದು ವರ್ಷ ತುಂಬಿರಲಿಲ್ಲ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿಗೆ ಮೂರು ತಿಂಗಳು ಮಾತ್ರ ಇತ್ತು. ಓಟದ ರಾಣಿ ವಿಲ್ಮಾ ರುಡಾಲ್ಫ್ ಅಲ್ಲಿ ಗೆದ್ದು ತನ್ನ ಓಟದ ಬಾಳಿಗೆ ಮಂಗಳ ಹಾಡಿದಳು. ಹ್ಯಾಲ್ ಕಾನೊಲಿ 70.67 ಮೀಟರ್ ದೂರಕ್ಕೆ ಹ್ಯಾಮರ್ ಎಸೆದು ವಿಶ್ವದಾಖಲೆ ಬರೆದರು.

ಎತ್ತರ ಜಿಗಿತದ ಕಥೆಯೊಳಗೆ ಇನ್ನೊಂದು ಕಥೆಯಿದೆ. 1960ರ ಜುಲೈ 1ರಂದು ಇದೇ ಅಂಗಳದಲ್ಲಿ ನಡೆದ ಒಲಿಂಪಿಕ್ ಆಯ್ಕೆಯಲ್ಲಿ ಅಮೆರಿಕದ ಜಾನ್ ಥಾಮಸ್ 2.22 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ್ದರು. ಆ ವರ್ಷ ರೋಮಿನಲ್ಲಿ ಅವರಿಗೆ ಸಿಕ್ಕಿದ್ದು ಕಂಚು. ಅವರ ಮುಂದೆ ಬೆಳ್ಳಿ ಗೆದ್ದ ಹದಿಹರೆಯದ ರಷ್ಯನ್ ವಲೇರಿ ಬ್ರೂಮೆಲ್. ಎರಡು ವರ್ಷದ ಮೇಲೆ ಬ್ರೂಮೆಲ್ ಈ ಅಂಗಳಕ್ಕೆ ಬಂದರು. ಕೂಟದ ಎರಡನೆಯ ದಿನ ಅಡ್ಡಪಟ್ಟಿಯನ್ನು 2.26 ಮೀಟರಿಗೆ ಏರಿಸಲಾಯಿತು. ಅಷ್ಟು ಎತ್ತರವನ್ನು ಮನುಷ್ಯ ಎಂದೂ ದಾಟಿರಲಿಲ್ಲ. ಓಡಿಬಂದು, ಒಂದು ಕಾಲನ್ನು ಬೀಸಿ ಎತ್ತಿ, ಪಟ್ಟಿಯ ಮೇಲೆ ಮೈಯನ್ನು ಉರುಳಿಸಿ ಬ್ರೂಮೆಲ್ ಆಚೆ ಬಿದ್ದರು. ಪಟ್ಟಿ ಹಾಗೆಯೇ ನಿಂತಿತ್ತು. ಶತ್ರುದೇಶದ ತರುಣನಿಗಾಗಿ ಎಂಬತ್ತು ಸಾವಿರ ಅಮೆರಿಕನ್ನರು ಎದ್ದು ನಿಂತು ಕೂಗಿದರು. ಅಂಕಗಳಲ್ಲಿ ಗಂಡಸರ ವಿಭಾಗವನ್ನು ಅಮೆರಿಕ 128–107ರಿಂದ, ಹೆಂಗಸರ ವಿಭಾಗವನ್ನು ಸೋವಿಯತ್ 66–41ರಿಂದ ಗೆದ್ದವು. ಮುಕ್ತಾಯದ ಹೊತ್ತಿಗೆ ಎರಡು ದೇಶಗಳ ಸ್ಪರ್ಧಿಗಳು ಸಾಲು ಮುರಿದು, ತೋಳಿಗೆ ತೋಳು ಹೆಣೆದು ಓಡುದಾರಿಯ ಸುತ್ತ ನಡೆದರು. ಗುಂಪು ಚೆದುರದೆ ನಿಂತು ಅವರನ್ನು ಹರಸಿತು. ಆ ಅಂಗಳದಲ್ಲಿ ನಡೆದ ಎಲ್ಲ ಪಂದ್ಯಗಳ ಫಲಿತಾಂಶ ಮರೆತುಹೋದರೂ ಈ ನಡಿಗೆ ಮರೆಯಬಾರದು.

ಆಮೇಲಿನ ದಶಕಗಳಲ್ಲಿ ಸುತ್ತಣ ಹಣ್ಣಿನ ತೋಟಗಳು ಸಿಲಿಕಾನ್ ಕಣಿವೆಯಾದವು. 1985ರ ಜನವರಿ 20ರಂದು ವೃತ್ತಿಪರ ಫುಟ್‌ಬಾಲಿನ ಮಹಾಪಂದ್ಯ ಸೂಪರ್ ಬೌಲ್ ಇಲ್ಲಿ ನಡೆದು, ಸ್ಯಾನ್ ಫ್ರಾನ್ಸಿಸ್ಕೊ ತಂಡ ಮಯಾಮಿಯನ್ನು 38–16ರಿಂದ ಮಣಿಸಿತು. ಗೆದ್ದ ತಂಡದ ಗುರು ಬಿಲ್ ವಾಲ್ಶ್ ಹಿಂದೆ ಇದೇ ಅಂಗಳದಲ್ಲಿ ಸ್ಟ್ಯಾನ್‌ಫರ್ಡಿನ ಹುಡುಗರಿಗೆ ಪಾಠ ಹೇಳಿದವರು. ಮರದ ಗಟ್ಟಿ ಬೆಂಚುಗಳ ಮೇಲೆ ಕೂರುವವರಿಗೆಂದು ಆ ದಿನ ಆಪಲ್ ಕಂಪ್ಯೂಟರ್ ಕಂಪನಿ ಮೆತ್ತೆಗಳನ್ನು ಹಂಚಿತ್ತು. 1994ರ ಸಾಕರ್ ವಿಶ್ವಕಪ್ಪಿನ ಆರು ಪಂದ್ಯಗಳು ಇಲ್ಲಿ ಜರುಗಿದವು. ರಷ್ಯ–ಕ್ಯಾಮೆರೂನ್ ಪಂದ್ಯದಲ್ಲಿ ಒಲೆಗ್ ಸಲೆಂಕೊ ಒಬ್ಬರೇ ಐದು ಗೋಲು ಹೊಡೆದರು. ಅದೇ ಪಂದ್ಯದಲ್ಲಿ 42 ವರ್ಷದ ರೋಜರ್ ಮಿಲ್ಲಾ ವಿಶ್ವಕಪ್ಪಿನ ಅತಿ ಹಿರಿಯ ಗೋಲುಗಾರರಾದರು. ಜೂನ್ 26ರಂದು ಕೊಲಂಬಿಯಾ ಪರವಾಗಿ ಆಡಿದ ಆಂಡ್ರೆಸ್ ಎಸ್ಕೊಬಾರ್‌ಗೆ ಅದೇ ಕಡೆಯ ಪಂದ್ಯ. ಹಿಂದಿನ ಪಂದ್ಯದಲ್ಲಿ ತನ್ನದೇ ಗೋಲಿಗೆ ಚೆಂಡು ತಗುಲಿಸಿಕೊಂಡಿದ್ದ ಆತನನ್ನು ಜುಲೈ 2ರಂದು ಅವನ ಊರಿನಲ್ಲಿ ಗುಂಡಿಟ್ಟು ಕೊಂದರು. ಎರಡು ದಿನದ ಮೇಲೆ, ಅಮೆರಿಕದ ಸ್ವಾತಂತ್ರ್ಯ ದಿನದಂದು, ಈ ಅಂಗಳದಲ್ಲಿ ಬ್ರೆಜಿಲ್ ಬೆಬೆಟೊ ಅವರ ಒಂದೇ ಗೋಲಿನಿಂದ ಆತಿಥೇಯರನ್ನು ಸೋಲಿಸಿತು.

1999ರ ಅದೇ ಜುಲೈ 4ರಂದು ಮಹಿಳಾ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಅಮೆರಿಕದ ಹೆಣ್ಣುಮಕ್ಕಳು ಬ್ರೆಜಿಲನ್ನು 2–0ಯಿಂದ ಗೆದ್ದರು. ಎಪ್ಪತ್ತು ಸಾವಿರಕ್ಕೂ ಮಿಕ್ಕು ಜನ ನೋಡಿದರು. 1896ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ವಿದ್ಯಾರ್ಥಿನಿಯರು ಎರಡು ಕಾಲೇಜುಗಳ ನಡುವಣ ಮೊದಲ ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯವಾಡಿದಾಗ ಗಂಡಸರನ್ನು ಒಳಗೆ ಬಿಟ್ಟಿರಲಿಲ್ಲ. ಸ್ಟ್ಯಾನ್‌ಫರ್ಡ್ 2–1ರಿಂದ ಗೆದ್ದಿತ್ತು. ಮುಚ್ಚಿದ ಬಾಗಿಲಿನ ಆ ಆಟದಿಂದ ತುಂಬಿದ ಏರಿಯವರೆಗೆ ನೂರಮೂರು ವರ್ಷದ ಹಾದಿ. ಟಾರಾ ವ್ಯಾನ್‌ಡರ್ವಿಯರ್ ಅವರ ಗರಡಿಯಲ್ಲಿ ಮೇಪಲ್ಸ್‌ನ ಹುಡುಗಿಯರು 1990, 1992 ಮತ್ತು 2021ರಲ್ಲಿ ರಾಷ್ಟ್ರಪ್ರಶಸ್ತಿ ತಂದದ್ದು ಆ ಹಾದಿಯ ಮುಂದುವರಿಕೆ.

ಅಷ್ಟರಲ್ಲಿ ಏರಿಗೆ ವಯಸ್ಸಾಗಿತ್ತು. ಬೆಂಚುಗಳು ಸೀಳು ಬಿಟ್ಟಿದ್ದವು. ಆಟಗಾರರಿಗೂ ಪ್ರೇಕ್ಷಕರಿಗೂ ನಡುವೆ ಅಗಲವಾದ ಓಡುದಾರಿ ಬಿದ್ದಿತ್ತು. ಎಂಬತ್ತೈದು ಸಾವಿರದ ಅಂಗಳ ಸಾಮಾನ್ಯ ಶನಿವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಆಗ ಮುಂದೆ ಬಂದವರು ಜಾನ್ ಅರಿಯಾಗ. ಬಾಸ್ಕ್ ಮೂಲದ ಸಾಮಾನ್ಯ ಮನೆತನದ ಮಗ. ಬಾಸ್ಕೆಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ ಸ್ಟ್ಯಾನ್‌ಫರ್ಡಿಗೆ ಬಂದು, ಓದು ಮುಗಿಸಿ, ಕಣಿವೆಯ ಹಣ್ಣಿನ ತೋಟಗಳಲ್ಲಿ ಕಚೇರಿ ಕಟ್ಟಡಗಳನ್ನೆಬ್ಬಿಸಿ ಕುಬೇರರಾದವರು. ಗಳಿಕೆಯಲ್ಲಿ ದೊಡ್ಡ ಮೊತ್ತವನ್ನು ಓದಿದ ವಿದ್ಯಾಲಯಕ್ಕೆ ಕೊಟ್ಟರು. ಹಣ ಕೊಟ್ಟು ಸುಮ್ಮನಾಗದೆ ಕೆಲಸದ ಮೇಲೆ ತಾವೇ ನಿಂತರು. 2005ರ ನವೆಂಬರ್ 26ರಂದು ನೋಟರ್ ಡೇಮ್ ವಿರುದ್ಧದ ಕೊನೆಯ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ 38–31ರಿಂದ ಸೋತಿತು. ಜನ ಹೊರನಡೆಯುತ್ತಿದ್ದಂತೆಯೇ ಯಂತ್ರಗಳು ಒಳಬಂದವು. ಹತ್ತು ತಿಂಗಳೊಳಗೆ, 2006ರ ಸೆಪ್ಟೆಂಬರ್ 16ರಂದು, ಅದೇ ಜಾಗದಲ್ಲಿ ಹೊಸ ಕ್ರೀಡಾಂಗಣ ತೆರೆಯಿತು. ಆ ಪಂದ್ಯವನ್ನೂ ನೌಕಾ ಅಕಾಡೆಮಿಗೆ 37–9ರಿಂದ ಸೋತದ್ದು 1921ರ ಸಂಪ್ರದಾಯದ ಪಾಲನೆಯಂತಿತ್ತು.

ಹೊಸದರಲ್ಲಿ ಆಸನಗಳು 50 ಸಾವಿರ. ಓಡುದಾರಿ ತೆಗೆದು, ಆಟದ ನೆಲವನ್ನು ತಗ್ಗಿಸಿ, ಪ್ರೇಕ್ಷಕರನ್ನು ಅಂಗಳದ ಅಂಚಿಗೇ ತಂದರು. ತಮ್ಮ ಕಾಲದಲ್ಲಿ ಕ್ರೀಡಾಂಗಣ ಕಟ್ಟಿದ ಹೆಚ್ಚಿನವರು ದೊಡ್ಡದನ್ನು ಇನ್ನೂ ದೊಡ್ಡದು ಮಾಡಿದರು. ದೊಡ್ಡದನ್ನು ಕಿರಿದು ಮಾಡಲು ಬೇರೆಯದೇ ಧೈರ್ಯ ಬೇಕು, ಸೇರುವ ಜನರನ್ನು ಅರಿತ ಮನಸ್ಸು ಬೇಕು. 1921ರಲ್ಲಿ ಎದುರಾಳಿಯನ್ನು ನೋಡಿ ಅಳತೆ ಹಾಕಿದ್ದರು. 2005ರಲ್ಲಿ ಬಂದು ಕೂರುವವರನ್ನು ನೋಡಿ ಅಳತೆ ಹಾಕಿದರು. ಎರಡನೆಯ ಅಳತೆಯೇ ಸರಿಯಾದದ್ದು. ಅರಿಯಾಗ 2022ರ ಜನವರಿಯಲ್ಲಿ ತೀರಿಕೊಂಡರು.

ಸ್ಟ್ಯಾನ್‌ಫರ್ಡ್ ಈಗ ರೆಡ್‌ವುಡ್ ಸಿಟಿಗೂ ವಿಸ್ತರಿಸಿದೆ. 2019ರಲ್ಲಿ ಸುಮಾರು 35 ಎಕರೆಯಲ್ಲಿ ಅದರ ಆಡಳಿತದ ಕ್ಯಾಂಪಸ್ ಅಲ್ಲಿ ತೆರೆಯಿತು. ವಿದ್ಯಾರ್ಥಿಗಳು ಹುಟ್ಟು ಹಾಕುವ ದೋಣಿಮನೆ ರೆಡ್‌ವುಡ್ ಶೋರ್ಸ್‌ನಲ್ಲಿದೆ. ಅದೇ ದಡದಲ್ಲಿ ಒರಾಕಲ್ ಕಂಪನಿ ತನ್ನ ಗೋಪುರಗಳನ್ನು ಕಟ್ಟಿಕೊಂಡಾಗ ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳ ಕಡೆಯ ಎಷ್ಟೋ ಎಂಜಿನಿಯರುಗಳು ಈ ಸೀಮೆಗೆ ಬಂದು ಮನೆ ಮಾಡಿದರು. ಅವರಿಗಿಂತ ಮೊದಲೇ, 1973ರಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿತ್ತು. ಈ ಮನೆಗಳ ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಪಂದ್ಯಕ್ಕೆ ಹೋಗುತ್ತಾರೆ, ಕೆಲವರು ಮುಂದೆ ಆ ವಿದ್ಯಾಲಯದಲ್ಲೇ ಓದುತ್ತಾರೆ. ಅವರಿಗೆ ಅಂಕಗಳ ಜೊತೆಗೆ ಈ ವಂಶಾವಳಿಯನ್ನೂ ಹೇಳಬೇಕು.

ಪಾಠ ಹೇಳುವ ಮೂವರು ಮೇಷ್ಟ್ರುಗಳು ನಕ್ಷೆ ಬರೆದರು. ಪಂದ್ಯದ ಲೆಕ್ಕ ಬರೆದ ವಿದ್ಯಾರ್ಥಿ ದೇಶದ ಅಧ್ಯಕ್ಷನಾಗಲು ಹೊರಟ ದಿನ ಅಲ್ಲಿಗೆ ಹಿಂದಿರುಗಿದ. ಅಲ್ಲಿ ಆಡಿದ ಹುಡುಗ ವಾಸ್ತುಶಿಲ್ಪಿಯಾಗಿ ಪಕ್ಕದ ಒಳಾಂಗಣ ಕಟ್ಟಿದ. ಓಟ ಕಲಿಸುವ ಗುರು ಎರಡು ಶತ್ರುದೇಶಗಳನ್ನು ಒಂದೇ ಓಡುದಾರಿಯಲ್ಲಿ ನಡೆಸಿದ. ವಿದ್ಯಾರ್ಥಿವೇತನದ ಮೇಲೆ ಓದಿದವನು ಮುದುಕನಾದ ಮೇಲೆ ಬಂದು ಎಲ್ಲವನ್ನೂ ಕಳಚಿ ಮತ್ತೆ ಕಟ್ಟಿದ. ವಿಶ್ವವಿದ್ಯಾಲಯವೊಂದಕ್ಕೆ ಕ್ರೀಡಾಂಗಣ ಯಾಕೆ ಬೇಕೆಂಬ ಪ್ರಶ್ನೆ ನಮ್ಮಲ್ಲೂ ಏಳುತ್ತದೆ, ಏಳಲಿ. ಕಲಿಸುವವರ ಕೈಗೆ ಕಟ್ಟುವ ಕೆಲಸ ಕೊಟ್ಟು, ಕಲಿತವರು ಅದನ್ನು ತಮ್ಮದೆಂದು ನೋಡಿಕೊಂಡರೆ, ಆ ಅಂಗಳವೂ ವಿದ್ಯಾಲಯದ ಒಂದು ವಿಭಾಗವೇ ಆಗುತ್ತದೆ. ಧಾರವಾಡದಲ್ಲಿ, ಮಾನಸಗಂಗೋತ್ರಿಯಲ್ಲಿ, ಕೊಣಾಜೆಯಲ್ಲಿ, ಕಲಬುರಗಿಯಲ್ಲಿ ನಮಗೂ ನೆಲವಿದೆ, ಮಣ್ಣಿನ ಏರಿ ಕಟ್ಟುವುದನ್ನು ನೂರಾರು ವರ್ಷಗಳಿಂದ ಬಲ್ಲ ನಾಡು ನಮ್ಮದು, ಲೆಕ್ಕ ಬಲ್ಲ ಮೇಷ್ಟ್ರುಗಳೂ ಇದ್ದಾರೆ. ಅವರನ್ನು ಕರೆದು ಕೆಲಸ ವಹಿಸುವ ವಿಶ್ವಾಸ ನಮ್ಮ ವಿಶ್ವವಿದ್ಯಾಲಯಗಳಿಗೆ ಬರಬೇಕು.